ಆಷಾಢ ಕಳೆದು ಮಾಡಿಸಿದ ಪಾಲಿಸಿ

ಅಣ್ಣಾ,

ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀನು ಬದುಕಿದ್ದಾಗ ಕಾಗದ ಯಾಕೆ ಬೇಕಿತ್ತು? ನಾನೇ ನಂಜನಗೂಡಿನಲ್ಲಿ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಬಂದು, ಎದುರಿಗೇ ನಿಂತು ಬೈದು, ಅತ್ತಿಗೆ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದೆ. ಈಗ ಒಂದು ಮಾತನ್ನು ನಿನಗೆ ಬೇಗ ಮುಟ್ಟಿಸಬೇಕಾಗಿದೆ. ಬೇರೆ ದಾರಿ ಗೊತ್ತಿಲ್ಲದೆ ಬರೆಯಲು ಕೂತಿದ್ದೇನೆ.

ವಿಮೆ ಏಜೆಂಟ್ ಮಹದೇವಪ್ಪನವರನ್ನು ನಾನು ನಿನ್ನ ಟೈಲರ್ ಅಂಗಡಿಗೇ ಕರೆದುಕೊಂಡು ಬಂದದ್ದು ನೆನಪಿದೆಯಾ? ತಾಂಡ್ಯದ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಪ್ಯಾಕಿಂಗ್ ಮಾಡುವವಳೊಬ್ಬಳಿಗೆ ದೊಡ್ಡ ಆಪರೇಷನ್ ಆಗಿ, ಫ್ಯಾಕ್ಟರಿಯವರು ಕೊಟ್ಟ ವಿಮೆ ಕಾರ್ಡಿನಲ್ಲೇ ಖರ್ಚೆಲ್ಲ ಮುಗಿದಿತ್ತು. ಅವತ್ತಿನಿಂದ ನನಗೆ ನಿನ್ನದೇ ಯೋಚನೆ. ಸ್ವಂತ ಮಿಷನ್ನು ತುಳಿಯುವವನಿಗೆ ಯಾವ ಫ್ಯಾಕ್ಟರಿ, ಯಾವ ಕಾರ್ಡು? ಮಹದೇವಪ್ಪ ಎರಡು ಪ್ಲಾನು ತೋರಿಸಿದರು. ಒಂದಕ್ಕೆ ಕಂತು ಕಡಿಮೆ, ಆದರೆ ಆಸ್ಪತ್ರೆಗೆ ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು. ಇನ್ನೊಂದಕ್ಕೆ ಕಂತು ಹೆಚ್ಚು, ಮೈಸೂರಿನ ಆಸ್ಪತ್ರೆಯಲ್ಲಿ ಕಾರ್ಡು ತೋರಿಸಿದರೆ ಸಾಕು. "ಮೊದ್ಲೇ ಕಟ್ಟಕ್ಕೆ ದುಡ್ಡಿದ್ರೆ ನಿಮ್ ಇನ್ಸೂರೆನ್ಸು ನಮ್ಗ್ಯಾಕೆ ಸಾ?" ಅಂತ ನೀನು ಎರಡನೆಯದನ್ನು ಹಿಡಿದೆ. ಸರಿಯಾಗಿಯೇ ಆರಿಸಿದ್ದೆ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಅವರು ಷರತ್ತು ಓದಿದರು. ಪಾಲಿಸಿ ಶುರುವಾದ ಮೊದಲ ತಿಂಗಳು ಅಪಘಾತಕ್ಕೆ ಬಿಟ್ಟು ಬೇರೆ ಯಾವ ಕಾಯಿಲೆಗೂ ಹಣ ಬರುವುದಿಲ್ಲ. ನೀನು ಕತ್ತರಿ ಕೆಳಗಿಟ್ಟು, "ಅಂಗಾದ್ರೆ ಜ್ವರ ಬಂದ್ರೆ ಓಗಿ ಲಾರಿಗೆ ಅಡ್ಡ ಬೀಳ್ಬೇಕು ಅನ್ನಿ" ಅಂದೆ. ಮಹದೇವಪ್ಪನವರೂ ನಕ್ಕರು. ಪೆನ್ನು ನಿನ್ನ ಕೈಯಲ್ಲೇ ಇತ್ತು. ಅಷ್ಟರಲ್ಲಿ ಊಟದ ಕ್ಯಾರಿಯರ್ ಹಿಡಿದುಕೊಂಡು ಅವ್ವ ಬಂದಳು.

"ಬುಡ್ತು ಅನ್ಲಾ! ಆಷಾಡ್ದಲ್ಲಿ ಕಾಯ್ಲೆ ಕಾಗ್ದಕ್ಕೆ ರುಜು ಆಕ್ತಾರಾ? ಕಾಯ್ಲೆನ ಕೈಹಿಡ್ದು ಮನೆಗೆ ಕರ್ದಂಗಾಯ್ತದೆ. ಶ್ರಾವಣ ಬರ್ಲಿ."

"ಕಾಯ್ಲೆ ಏನು ಪಂಚಾಂಗ ನೋಡ್ಕಂಡು ಬತ್ತದೇನವ್ವ?" ಅಂತ ನಾನು ರೇಗಿದೆ.

ನೀನು ಪೆನ್ನಿಗೆ ಮುಚ್ಚಳ ಹಾಕಿದೆ. "ಓಗ್ಲಿ ಬುಡಮ್ಮಿ, ಅವ್ವನ ಮನ್ಸು ಯಾಕೆ ನೋಯಿಸ್ತೀಯ? ಅಷ್ಟರೊಳ್ಗೆ ಏನು ಕೊಳ್ಳೆ ಓಯ್ತದೆ?" ಮಹದೇವಪ್ಪನವರಾದರೂ ಒಂದು ಮಾತು ಹೇಳಬಾರದಿತ್ತಾ? ಅವರೂ ತಲೆಯಾಡಿಸಿದರು. ಆಷಾಢದಲ್ಲಿ ಅವರೂ ಒಂದು ಹೊಸ ಚಪ್ಪಲಿ ಕೊಂಡವರಲ್ಲ.

ಶ್ರಾವಣದ ಮೊದಲ ಶುಕ್ರವಾರ ಅವ್ವ ಅರ್ಜಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ನಂಜುಂಡಪ್ಪನಿಗೆ ಕೈಮುಗಿದು ನಿನ್ನ ಕೈಗೆ ಕೊಟ್ಟಳು. ನೀನು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ರುಜು ಹಾಕಿದೆ. ಮದುವೆಯ ಲಗ್ನಪತ್ರಿಕೆಗೂ ಅಷ್ಟು ಭಕ್ತಿ ತೋರಿಸಿರಲಿಲ್ಲ ನೀನು.

ಗೌರಿ ಹಬ್ಬದ ಬ್ಲೌಸುಗಳು ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ನನ್ನದನ್ನು ತೆಗೆದುಕೊಳ್ಳಲು ಬಂದಾಗ ನೀನು ಹೊಟ್ಟೆಯ ಬಲಗಡೆ ಕೈ ಒತ್ತಿಕೊಂಡು ಮಿಷನ್ನಿನ ಮೇಲೆ ಬಗ್ಗಿದ್ದೆ. "ಗ್ಯಾಸು ಕಣಮ್ಮಿ" ಅಂದೆ. ನಾನೂ ನಂಬಿ ಬಸ್ಸು ಹತ್ತಿದೆ. ಆಸ್ಪತ್ರೆಗೆ ನಡೀರಿ ಅಂತ ಅತ್ತಿಗೆ ಕಾಲು ಹಿಡಿದಾಗ ನೀನು ಅಂದದ್ದು ನನಗೆ ಆಮೇಲೆ ಗೊತ್ತಾಯಿತು. "ಹಬ್ಬ ಕಳೀಲಿ, ತಿಂಗ್ಳು ತುಂಬ್ತದೆ. ಈಗ್ಲೇ ಓದ್ರೆ ಕಟ್ಟಿದ್ ಕಂತೆಲ್ಲ ದಂಡ." ಅಯ್ಯೋ ಪುಣ್ಯಾತ್ಮ, ಕಂತು ದಂಡವಾದರೆ ಆಗಲಿ, ನೀನು? ಕಾರ್ಡೇ ಇಲ್ಲದಿದ್ದರೆ ನೋವು ಬಂದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಲಗುತ್ತಿದ್ದೆಯಲ್ಲ? ಕಾರ್ಡು ಇದೆ ಅಂತ ನೋವು ತಡೆದುಕೊಂಡವನು ಊರಲ್ಲಿ ನೀನೊಬ್ಬನೇ ಇರಬೇಕು. ನೆನೆಸಿಕೊಂಡರೆ ಈಗಲೂ ನಿನ್ನ ಮೇಲೆ ಮೈಯೆಲ್ಲ ಉರಿಯುತ್ತದೆ.

ಗಣೇಶನನ್ನು ನೀರಿಗೆ ಬಿಟ್ಟ ಮೇಲೆ, ತಿಂಗಳು ತುಂಬಿತು ಅಂತ ನೀನೇ ಹೇಳಿದ ಮೇಲೆ, ಮೈಸೂರಿಗೆ ಹೊರಟೆವು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿದೆ ಎಂದರು. ಎಷ್ಟು ದಿನದಿಂದ ನೋವು ಅಂತ ಡಾಕ್ಟರು ಕೇಳಿದಾಗ, "ಒಂದ್ವಾರದ ಮೇಲಾಯ್ತು ಸಾ" ಅಂದೆ. ಸಾಯುವಾಗಲೂ ಸುಳ್ಳು ಹೇಳಲು ಬರಲಿಲ್ಲ ನಿನಗೆ. ಅವರು ಅದನ್ನೇ ಬರೆದರು. ಕಾಯಿಲೆ ಮೊದಲ ತಿಂಗಳಲ್ಲೇ ಶುರುವಾಗಿದೆ ಅಂತ ವಿಮೆಯವರು ಕೈಯೆತ್ತಿಬಿಟ್ಟರು. ನನ್ನ ಗಂಡ, ನಿನ್ನ ಭಾವಮೈದುನ, ಎಲ್ಲೆಲ್ಲೋ ಓಡಾಡಿ ಹಣ ಹೊಂದಿಸಿ ಆಪರೇಷನ್ ಮಾಡಿಸಿದರು. ನೀನು ಮತ್ತೆ ಕಣ್ಣು ಬಿಡಲಿಲ್ಲ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಆ ಕಾರ್ಡನ್ನು ಹರಿದುಹಾಕಲು ನೋಡಿದೆ. ಪ್ಲಾಸ್ಟಿಕ್ಕು, ಹರಿಯಲಿಲ್ಲ.

ನಿನ್ನ ತಿಥಿ ಕಳೆದು ಅವರೆಕಾಯಿ ಕಾಲ ಬಂದಿತ್ತು. ಕಾಳು ಬಿಡಿಸುತ್ತಾ ಅವ್ವ ತಲೆಯೆತ್ತದೆ ಕೇಳಿದಳು, "ಆಷಾಡ ಅಂತ ನಾನು ತಡೀದೆ ಇದ್ದಿದ್ರೆ ನನ್ ಮಗ ಉಳ್ಕತಿದ್ನೇನಮ್ಮಿ?" ನನ್ನ ಬಾಯಿ ನಿನಗೆ ಗೊತ್ತಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅವತ್ತೇ ರುಜು ಬಿದ್ದಿದ್ದರೆ ಹಬ್ಬಕ್ಕೆ ಮೊದಲೇ ತಿಂಗಳು ಕಳೆದು, ನೋವು ಬಂದ ದಿನವೇ ನೀನು... ಅವ್ವ ಬಿಡಿಸಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು. "ಇಲ್ಲ ಕಣವ್ವ, ಅದು ಬಾಳ ದಿವ್ಸದಿಂದ ಒಳ್ಗೇ ಕೊಳೀತಿತ್ತಂತೆ. ಯಾವಾಗ ಮಾಡ್ಸಿದ್ರೂ ಅಷ್ಟೇ ಅಂತ ಡಾಕ್ಟ್ರೇ ಅಂದ್ರು" ಅಂದೆ. ಅವ್ವ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು. ಆದರೆ ಪ್ರತಿ ವರ್ಷ ಆಷಾಢ ಬಂದಾಗ ಅದೇ ಪ್ರಶ್ನೆ, ನನ್ನದು ಅದೇ ಉತ್ತರ.

ಅವ್ವ ಈಗ ನನ್ನ ಮನೆಯಲ್ಲೇ ಇದ್ದಾಳೆ. ಗಂಜಿಯೂ ಇಳಿಯುತ್ತಿಲ್ಲ. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದಾರೆ ಡಾಕ್ಟರು. ನಿನ್ನೆ ಬಾಯಿಗೆ ನೀರು ಬಿಡುವಾಗ ಅವಳು ಮತ್ತೆ ಅದನ್ನೇ ಕೇಳಿದಳು, ನಾನು ಮತ್ತೆ ಅದನ್ನೇ ಹೇಳಿದೆ. ನೀರಿನ ಲೋಟವನ್ನು ಕೈಯಿಂದ ಸರಿಸಿದಳು. "ಆಯ್ತು ಬುಡು, ಅವುನ್ನೇ ಕೇಳ್ತೀನಿ" ಅಂದಳು.

ಇಷ್ಟು ವರ್ಷ ಅವಳು ನನ್ನ ಮಾತನ್ನು ಒಂದು ದಿನವೂ ನಂಬಿಲ್ಲ ಅಣ್ಣ. ಇಂದೋ ನಾಳೆಯೋ ನಿನ್ನ ಹತ್ತಿರ ಬರುತ್ತಾಳೆ. ಬಂದವಳೇ ಕೇಳುತ್ತಾಳೆ. ನಾನು ಹೇಳಿದ್ದನ್ನೇ ನೀನೂ ಹೇಳು. ನೀನು ಹೇಳಿದರೆ ನಂಬುತ್ತಾಳೆ.

ನಿನ್ನ ತಂಗಿ