ಖಾಲಿ ಗೆರೆಯ ಮೇಲಿನ ಹೆಸರು

ಹೊಸಕೇರಿ, ಗದಗ ಸೀಮೆ
ಕ್ರಿಸ್ತಶಕ ೨೧೯೪, ಶ್ರಮಕಾಲದ ಮೂವತ್ತೆರಡನೆಯ ದಿನ

ಕೃಪಾಬಾಯಿಯವರಿಗೆ ಸುವಾರ್ತಮ್ಮನ ವಂದನೆಗಳು.

ಮೇಲಿನ ಇಸವಿ ಕಂಡು ಕನ್ನಡಕ ಒರೆಸಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವೂ ನಮಗೆ ಹಾಗೆಯೇ ಅನಿಸುತ್ತದೆ. ಈ ಪತ್ರ ನೂರ ಅರವತ್ತೆಂಟು ವರ್ಷ ಹಿಂದಕ್ಕೆ ಹೇಗೆ ಬಂದೀತೋ ನನಗೂ ತಿಳಿಯದು. ಆದರೆ ಒಂದು ಪ್ರಶ್ನೆ ತಲೆ ತಿನ್ನುತ್ತಿದೆ, ಅದಕ್ಕೆ ಉತ್ತರ ಗೊತ್ತಿರುವುದು ನಿಮಗೊಬ್ಬರಿಗೇ.

ನಿಮ್ಮ ಪ್ರಾರ್ಥನಾ ಪುಸ್ತಕ ನಮ್ಮ ದೇವಾಲಯದ ಕಪಾಟಿನಲ್ಲಿದೆ. ಮೊದಲ ಪುಟದಲ್ಲಿ ನಿಮ್ಮ ಹೆಸರು, ೨೦೨೬ ಎಂಬ ಇಸವಿ, ಒಂದು ಎಣ್ಣೆಯ ಕಲೆ. "ನಮ್ಮನ್ನು ಆಳುವವರಿಗಾಗಿ" ಎಂಬ ಪ್ರಾರ್ಥನೆಯಲ್ಲಿ ಹೆಸರು ಸೇರಿಸಲು ಖಾಲಿ ಗೆರೆ ಬಿಟ್ಟಿದ್ದಾರಲ್ಲ, ಅಲ್ಲಿ ನೀವು ಪೆನ್ಸಿಲಿನಲ್ಲಿ ಒಬ್ಬರ ಹೆಸರು ಬರೆದಿದ್ದೀರಿ. ಆಮೇಲೆ ಕಾಗದ ತೂತಾಗುವಷ್ಟು ರಬ್ಬರಿನಿಂದ ಉಜ್ಜಿದ್ದೀರಿ. ಆಮೇಲೆ ತೂತಿನ ಪಕ್ಕದಲ್ಲಿ ಅದೇ ಹೆಸರನ್ನು ಶಾಯಿಯಲ್ಲಿ ಬರೆದಿದ್ದೀರಿ. ಅದೇ ಹೆಸರೆಂದು ನನಗೆ ಹೇಗೆ ಗೊತ್ತಾಯಿತೆಂದರೆ, ಪೆನ್ಸಿಲಿನಲ್ಲಿ ನೀವು ಎಷ್ಟು ಒತ್ತಿ ಬರೆದಿದ್ದಿರೆಂದರೆ ಮುಂದಿನ ಪುಟದಲ್ಲೂ ಅದರ ಅಚ್ಚು ಬಿದ್ದಿದೆ. ಆ ಮನುಷ್ಯ ನಿಮಗೇನು ಮಾಡಿದ್ದ? ಅಳಿಸಿದ್ದಕ್ಕೂ ಮತ್ತೆ ಬರೆದದ್ದಕ್ಕೂ ನಡುವೆ ಎಷ್ಟು ದಿನ ಹೋದವು? ಅಷ್ಟರಲ್ಲಿ ನಡೆದದ್ದೇನು? ಇದೇ ನನ್ನ ಪ್ರಶ್ನೆ.

ಕೇಳುವುದಕ್ಕೆ ಕಾರಣವಿದೆ. ನಮ್ಮಲ್ಲಿ ಹೆಸರ್ಪಾಳಿ ಎಂಬ ಪದ್ಧತಿ ಇದೆ. ನೀವು ಪುರಸಭೆ ಎನ್ನುತ್ತಿದ್ದುದನ್ನು ನಾವು ಕೇರಿಮನೆ ಎನ್ನುತ್ತೇವೆ. ನಮ್ಮ ಕ್ರೈಸ್ತ ಸಭೆಯವರು ಯಾರೇ ಅದಕ್ಕೆ ಆಯ್ಕೆಯಾಗಲಿ, ಶ್ರಮಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನವೂ ಬೆಳಿಗ್ಗೆ ದೇವಾಲಯದಲ್ಲಿ ಎದ್ದು ನಿಂತು, ಅಲ್ಲಿ ತಮ್ಮನ್ನು ಹೆಚ್ಚು ವಿರೋಧಿಸುವವರ ಹೆಸರು ಹಿಡಿದು ಗಟ್ಟಿಯಾಗಿ ಪ್ರಾರ್ಥಿಸಬೇಕು. ನಿಯಮ ಎರಡೇ. "ಅವರಿಗೆ ಬುದ್ಧಿ ಕೊಡು" ಎನ್ನುವಂತಿಲ್ಲ, ಅದು ದೇವರೆದುರು ನಿಂತು ಬೈದ ಹಾಗೆ. ಮತ್ತೆ, ನಮಗೆ ಏನು ಬೇಡಿಕೊಳ್ಳುತ್ತೇವೋ ಅದನ್ನೇ ಅವರಿಗೂ ಬೇಡಬೇಕು. ಮೊದಲ ವರ್ಷ ನಾನು ಜಾಣತನ ಮಾಡಿ "ಅವರ ಕಣ್ಣು ತೆರೆಸು" ಎಂದೆ. "ಸುವಾರ್ತಮ್ಮಾರ, ಅದೂ ಬುದ್ಧೀನ ಆತು" ಎಂದು ಸಭಾಪಾಲಕಿ ಎಲ್ಲರೆದುರು ತಡೆದರು. ನನಗೆ ಕೆಟ್ಟ ಸಿಟ್ಟು ಬಂದಿತ್ತು.

ನನ್ನ ಪಾಲಿಗೆ ಬಂದ ಹೆಸರು ಗಣಪು ಹರಿಕಂತ್ರ. ಅವರು ನೀರುಬಿಟ್ಟವರು, ಕಡಲು ಮನೆ ನುಂಗಿದ ಮೇಲೆ ಘಟ್ಟ ಹತ್ತಿ ಬಂದವರ ಮೂರನೆಯ ತಲೆಮಾರು. ಕೇರಿಮನೆಯಲ್ಲಿ ನಾನು ಹೌದೆಂದರೆ ಅವರು ಅಲ್ಲ ಎನ್ನುತ್ತಾರೆ. ಅವರ ಹೆಸರು ಹಿಡಿದು ಬೇಡುವುದೆಂದರೆ ಅವರಿಗೆ ಏನು ಬೇಕೆಂಬುದಾದರೂ ಗೊತ್ತಿರಬೇಕಲ್ಲ? ಅದಕ್ಕೇ ವಿಚಾರಿಸತೊಡಗಿದೆ. ಅವರ ತಾಯಿಗೆ ಮೊಣಕಾಲು ನೋವು, ಮಗಳಿಗೆ ಮದುವೆ ಬೇಡವಂತೆ. ಒಂದು ದಿನ ಸಂತೆಯಲ್ಲಿ ಸಿಕ್ಕ ಗಣಪು, "ಏನ್ರೀ ಅಕ್ಕಾರ, ಇವತ್ತ ನಮ್ಮವ್ವನ ಮೊಳಕಾಲ ಮರತ್ರಂತಲ್ಲ?" ಎಂದು ನಕ್ಕರು. ನಾನೂ ನಕ್ಕೆ. ಮಾರನೆಯ ದಿನ ಮರೆಯಲಿಲ್ಲ.

ಈಗ ತಕರಾರಿನ ವಿಷಯ. ಕಟ್ಟಿಗೆ ಸುಡುವುದು ನಿಂತು ಎಪ್ಪತ್ತು ವರ್ಷವಾಯಿತು, ಅದರೊಂದಿಗೆ ಹೆಣ ಸುಡುವುದೂ ನಿಂತಿತು, ಎಲ್ಲ ಜಾತಿಯವರೂ ಈಗ ಮಣ್ಣಿಗೇ. ನೀರುಬಿಟ್ಟವರಿಗೆ ಊರಲ್ಲಿ ಆರಡಿ ಜಾಗವಿಲ್ಲ. ಹೆಣವನ್ನು ಸರಕಿನ ಬಂಡಿಯಲ್ಲಿ ಎರಡು ದಿನದ ದಾರಿ ಸಾಗಿಸುತ್ತಾರೆ. ನಮ್ಮ ಸಮಾಧಿ ತೋಟದ ಅರ್ಧಭಾಗ ಖಾಲಿ ಇದೆ, ಅದನ್ನು ಬಿಟ್ಟುಕೊಡಿ ಎಂದು ಗಣಪು ಕೇಳಿದ್ದಾರೆ. ಬೇಡವೆನ್ನಲೆಂದೇ ನಮ್ಮ ಸಭೆ ನನ್ನನ್ನು ಕಳಿಸಿದ್ದು. ನಾಳೆ ಕೇರಿಮನೆಯಲ್ಲಿ ಮತಕ್ಕೆ ಕೈ ಎತ್ತುವ ದಿನ. ಎಂಟು ಜನರ ಮನಸ್ಸು ನಾಲ್ಕು ನಾಲ್ಕಾಗಿ ನಿಂತಿದೆ, ಒಂಬತ್ತನೆಯವಳು ನಾನು. ಆ ಖಾಲಿ ಅರ್ಧದ ಅಂಚಿನಲ್ಲೇ ನನ್ನ ಯಜಮಾನರು ಜೀವರತ್ನ ಮಲಗಿದ್ದಾರೆ. ಅವರ ಎಡಗಡೆಯ ಜಾಗ ನನ್ನದು, ಅದು ಆ ಖಾಲಿ ಅರ್ಧದೊಳಗೇ ಬರುತ್ತದೆ. ಹನ್ನೊಂದು ವರ್ಷದಿಂದ ಅದನ್ನು ನಾನೇ ಗುಡಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಎದ್ದು ನಿಂತಾಗ ಮನಸ್ಸಿನಲ್ಲಿ ಇದ್ದದ್ದು ಅದೊಂದೇ. "ಕರ್ತನೇ, ನನ್ನವರ ಪಕ್ಕದಲ್ಲಿ ನನಗೆ ಆರಡಿ ಉಳಿಸು" ಎಂದೆ. ಬಾಯಿಂದ ಮಾತು ಬಿದ್ದ ಮೇಲೆ ನಿಯಮ ನೆನಪಾಯಿತು. ಸಭೆಯೆಲ್ಲ ಕಾಯುತ್ತಿತ್ತು. ಸಭಾಪಾಲಕಿ ತಲೆ ಎತ್ತಿ ನೋಡಿದರು. ನಾನು ಬೆಂಚು ಹಿಡಿದುಕೊಂಡು, "ಗಣಪು ಹರಿಕಂತ್ರನಿಗೂ, ಅವನವರ ಪಕ್ಕದಲ್ಲಿ" ಎಂದೆ. ಕೂತ ಮೇಲೆ ಅಳು ಬಂತು. ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ಹೊರಗೆ ಹೋದ ಸದ್ದೂ ಕೇಳಿಸಿತು. ಮುಂದಿನ ಸಲ ನನ್ನನ್ನು ಆರಿಸುವುದಿಲ್ಲ, ಅದು ಖಂಡಿತ.

ಈ ಪದ್ಧತಿ ಯಾರು ಶುರು ಮಾಡಿದರೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಆ ತೂತಿನಿಂದಲೇ ಶುರುವಾಗಿರಬೇಕೆಂದು ನನ್ನ ಗುಮಾನಿ. ನೀವಿನ್ನೂ ಪೆನ್ಸಿಲ್ ಹಿಡಿದು ಕೂತಿರಬಹುದು, ಅಥವಾ ಈಗಾಗಲೇ ಉಜ್ಜಿರಬಹುದು. ಅಳಿಸಬೇಡಿ ಎಂದು ನಾನು ಹೇಳುವುದಿಲ್ಲ, ಸಿಟ್ಟು ಬಂದಾಗ ಅಳಿಸಿ. ಆದರೆ ದಯವಿಟ್ಟು ಮತ್ತೆ ಬರೆಯಿರಿ. ನಾಳೆ ನನ್ನ ಕೈ ಮೇಲೇಳುವುದಕ್ಕೆ ಅದು ಬೇಕು.

ಇನ್ನು ಏಳುತ್ತೇನೆ. ಹೊತ್ತು ಇಳಿಯುವುದರೊಳಗೆ ತೋಟಕ್ಕೆ ಹೋಗಿ ಜೀವರತ್ನರಿಗೆ ಒಂದು ಮಾತು ಹೇಳಿ ಬರಬೇಕು: "ಬಾಜೂಕ ನಾ ಬರ್ತೀನೋ ಇಲ್ಲೋ ಗೊತ್ತಿಲ್ರೀ. ಯಾರ ಬಂದ್ರೂ ಸ್ವಲ್ಪ ಸರದು ಜಾಗಾ ಕೊಡ್ರಿ."

ನಿಮ್ಮ ಪುಸ್ತಕದ ಈಗಿನ ಓದುಗಾರ್ತಿ,
ಸುವಾರ್ತಮ್ಮ