ಎಡಗಡೆಯ ವೈರು

ಜೆ.ಪಿ. ನಗರ ಏಳನೇ ಹಂತ
ಭಾನುವಾರ, ೧೪ ಜುಲೈ ೨೦೨೪

ಪ್ರೀತಿಯ ಸತ್ಯಕ್ಕಾ,

ನಮಸ್ಕಾರ. ಕೈಯಲ್ಲಿ ಮೊಬೈಲ್ ಇಟ್ಟುಕೊಂಡು ಮೈಸೂರಿಗೆ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಮೂರು ವಾರದಿಂದ ಬರೆಯಬೇಕೆಂದುಕೊಂಡೂ ತಡವಾಯಿತು, ಕ್ಷಮಿಸು. ಕಾನ್ವೆಂಟಿನವಳ ಕನ್ನಡ, ಒತ್ತಕ್ಷರ ತಪ್ಪಿದ್ದರೆ ತಿದ್ದಿಕೋ.

ಅವತ್ತು ಫೋನಿನಲ್ಲಿ "ಇರ್ಲಿ ಬಿಡು ವನಿತಾ" ಎಂದು ಇಟ್ಟವಳು ಆಮೇಲೆ ಮಾಡಲೇ ಇಲ್ಲ. ನಾನು ಮಾಡಿದರೆ ಭಾವ ಎತ್ತಿ "ಅವಳು ಮಲಗಿದಾಳಮ್ಮ" ಅನ್ನುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವವಳೇ ನೀನು? ನಾನು ಅಂದದ್ದು "ಹೂಂ, ಒಳ್ಳೇದೇ ಆಯ್ತು" ಎಂದಷ್ಟೇ. ಅದರಲ್ಲಿ ನಿನ್ನನ್ನು ನೋಯಿಸುವಂಥದ್ದು ಏನಿತ್ತು?

ಇಲ್ಲಿ ಇನ್ನೊಂದು ಗೊಂದಲ. ರೆಕಾರ್ಡ್ ಮಾಡಿದ ಸಂದರ್ಶನಗಳನ್ನು ಕೇಳಿ ಟೈಪ್ ಮಾಡುವುದೇ ನನ್ನ ಕೆಲಸವಲ್ಲವೇ, ಹೆಡ್‌ಫೋನಿನ ಎಡಗಡೆ ಸತ್ತುಹೋಯಿತು. ವೈರನ್ನು ಕುರ್ಚಿಯ ಚಕ್ರಕ್ಕೆ ಸಿಕ್ಕಿಸಿದವಳು ನೀನೇ ಎಂದು ಮೈತ್ರಿಯನ್ನು ಬೈದೆ. ಹೊಸದು ಕೊಳ್ಳಲು ಜಯನಗರಕ್ಕೆ ಹೊರಟರೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ನನ್ನ ಮಗಳು ಬಿಡುತ್ತಾಳೆಯೇ? ಸ್ಕ್ರೂ ಬಿಚ್ಚಿ, ಮಲ್ಟಿಮೀಟರ್ ತಂದು ನನ್ನನ್ನು ಊಟದ ಮೇಜಿನ ಮುಂದೆ ಕೂರಿಸಿದಳು.

"ಅಮ್ಮ, ಈ ಕೆಂಪು ಪ್ರೋಬ್ ಕಡ್ಡೀನ ಹೆಡ್‌ಫೋನ್ ಪಿನ್ನಿನ ತುದಿಗೆ ಹಿಡ್ಕೋ. ಅಲ್ಲಾಡಿಸ್ಬೇಡ. ವೈರ್ ಸರಿಯಿದ್ರೆ ಮೀಟರ್ ಬೀಪ್ ಅನ್ನುತ್ತೆ, ಕಟ್ ಆಗಿದ್ರೆ ಸುಮ್ನಿರುತ್ತೆ."

ಬೀಪ್ ಎಂದಿತು. ವೈರನ್ನು ಗೇಣುಗೇಣಾಗಿ ಬಗ್ಗಿಸಿದಳು. ಒಳಗೆ ಎಲ್ಲಾದರೂ ಮುರಿದಿದ್ದರೆ ಸದ್ದು ಬಿಟ್ಟುಬಿಟ್ಟು ಬರಬೇಕಂತೆ. ಹಾಗೇನೂ ಆಗಲಿಲ್ಲ. ಸ್ಪೀಕರುಗಳನ್ನೂ ಅಳೆದಳು. ಬಲಕ್ಕೆ ಮೂವತ್ತೆರಡು ಓಮ್, ಎಡಕ್ಕೂ ಮೂವತ್ತೆರಡು.

"ಪ್ರೋಬ್ ಮುಟ್ಟಿಸ್ದಾಗೆಲ್ಲ ಚರ್ ಅಂತಿದೆ, ಕೇಳು."

ಎಡಗಿವಿಗೆ ಹಿಡಿದೆ. ಏನೂ ಇಲ್ಲ. ಆದರೂ "ಹೂಂ" ಅಂದುಬಿಟ್ಟೆ. ಯಾಕೆ ಹಾಗಂದೆ ಎಂದು ಈಗಲೂ ತಿಳಿಯುತ್ತಿಲ್ಲ.

"ಹಂಗಾದ್ರೆ ಮೇಡಂ ಅವರ ಕೇಸ್ ವಜಾ! ಸಾರಿ ಕೇಳು ಮೊದ್ಲು," ಎಂದು ನಕ್ಕಳು. ಒಳಗಿನಿಂದ ನಮ್ಮನೆಯವರು, "ಹಂಗೇ ಆ ಟಿವಿ ಸ್ವಲ್ಪ ಕಮ್ಮಿ ಮಾಡ್ರೇ, ಪಕ್ಕದ ಮನೆಯವರೂ ನೋಡ್ತಿದಾರೆ," ಅಂದರು.

ಮೀಟರನ್ನು ನಂಬಲೋ, ನನ್ನನ್ನು ನಂಬಲೋ ಗೊತ್ತಾಗದೆ ಕೂತಿದ್ದೇನೆ.

ಭಾವನಿಗೆ ನಮಸ್ಕಾರ. ಕೋಪವಿದ್ದರೂ ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ವನಿತಾ

ಮರೆತ ಮಾತು, ಸೋಮವಾರ: ಮೈತ್ರಿ ಕಾಲೇಜಿಗೆ ಹೋದ ಮೇಲೆ ಹೆಡ್‌ಫೋನನ್ನು ಅದಲುಬದಲಾಗಿ ಹಾಕಿಕೊಂಡೆ. ಸತ್ತಿದೆ ಎಂದುಕೊಂಡಿದ್ದ ಎಡಗಡೆಯದು ಬಲಗಿವಿಗೆ ಚೆನ್ನಾಗಿ ಕೇಳಿಸಿತು. ಬಲಗಡೆಯದು ಎಡಗಿವಿಗೆ ಬಂದು ಸುಮ್ಮನಾಯಿತು. ಅಕ್ಕಾ, ನೀನು ಫೋನ್ ಮಾಡುವ ಹೊತ್ತಿಗೆ ನನ್ನ ಬಲಗೈಯಲ್ಲಿ ಸೌಟು. ಫೋನು ಯಾವಾಗಲೂ ಎಡಗಿವಿಗೆ. ಸಿಗ್ನಲ್ ಸರಿಯಿಲ್ಲ ಎಂದುಕೊಂಡು ಎಷ್ಟು ತಿಂಗಳಿಂದ ಅಂದಾಜಿನ ಮೇಲೆ ಹೂಂಗುಟ್ಟುತ್ತಿದ್ದೆನೋ. ಅವತ್ತು ನೀನು "ಇರ್ಲಿ ಬಿಡು" ಅನ್ನುವ ಮುಂಚೆ "ರಿಪೋರ್ಟ್ ಬಂತು" ಅಂದದ್ದಷ್ಟೇ ಕೇಳಿಸಿತ್ತು. ಅದಕ್ಕೇ ಒಳ್ಳೇದಾಯ್ತು ಅಂದೆ. ಯಾವ ರಿಪೋರ್ಟ್? ಏನಿತ್ತು ಅದರಲ್ಲಿ? ಶನಿವಾರ ಬರುತ್ತೇನೆ. ನನ್ನ ಬಲಗಡೆ ಕೂತು ಇನ್ನೊಂದು ಸಲ ಹೇಳು.