ನೀವು ಮುಗಿಸದೆ ಹೋದ ಗ್ಲೈಡರ್

ಮಾವ,

ಮೊನ್ನೆ ಭಾನುವಾರ ಅದನ್ನು ಹಾರಿಸಿದೆ. ಈ ಮಾತನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ? ಆದರೆ ಹೇಳಲು ಕುಳಿತರೆ ಸಂತೋಷಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಸಿಟ್ಟು ನಿಮ್ಮ ಮೇಲೆ. ಯಾಕೆಂದು ನಿಮಗೆ ಗೊತ್ತಿರಬೇಕು.

ನಾನು ಮದುವೆಯಾಗಿ ಶಿರ್ತಾಡಿಗೆ ಬಂದ ಹೊಸತು ನೆನಪಿದೆಯೇ? ರಜೆ ಮುಗಿದು ನಿಮ್ಮ ಮಗ ಶಾರ್ಜಾಕ್ಕೆ ಹೋಗಿದ್ದರು. ಅತ್ತೆ ಎಂದೋ ತೀರಿಕೊಂಡಿದ್ದರು. ಮುಂಬಯಿಯ ಹೋಟೆಲು ಬಿಟ್ಟು ಬಂದ ನೀವು, ಊರು ಹೊಸದಾದ ನಾನು, ಇಬ್ಬರೇ. ಏನು ಮಾತಾಡುವುದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕೊರಿಯರ್‌ನಲ್ಲಿ ಒಂದು ಉದ್ದದ ಪೆಟ್ಟಿಗೆ ಬಂತು. ಒಳಗೆ ಹಪ್ಪಳದಷ್ಟು ತೆಳುವಾದ ಬಾಲ್ಸಾ ಮರದ ತುಂಡುಗಳು, ಊಟದ ಮೇಜಿನಷ್ಟು ದೊಡ್ಡ ನಕ್ಷೆ. ಎಂಜಿನ್ ಇಲ್ಲದ, ಗಾಳಿಯನ್ನೇ ನಂಬಿ ಹಾರುವ ವಿಮಾನ ಎಂದಿರಿ. ಅಸ್ಥಿಪಂಜರವನ್ನು ಚೆನ್ನಾಗಿಯೇ ಅಂಟಿಸಿದಿರಿ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಇಸ್ತ್ರಿ ಹಾಕುವಾಗ ಮಾತ್ರ ಹಾಳೆ ಸುಕ್ಕಾಗಿ, ತುಳುವಿನಲ್ಲಿ ಬೈಯತೊಡಗಿದಿರಿ. ನಾನು ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡೆ. “ಬಿಡಿ ಮಾವ, ಸೀರೆಗೆ ಹಾಕಿ ನನಗೆ ಅಭ್ಯಾಸ ಉಂಟು.” ಅಂದಿನಿಂದ ಮರದ ಕೆಲಸ ನಿಮ್ಮದು, ಹೊದಿಕೆ ನನ್ನದು. ಹಾರಿಸುವಾಗ ಎಸೆಯುವವರು ನೀವು, ರಿಮೋಟ್ ನನ್ನ ಕೈಯಲ್ಲಿ. “ನಿನ್ನ ಬೆರಳು ನಿಧಾನ ಮಾರಾಯ್ತಿ, ನೀನೇ ಹಿಡಿ” ಎಂದಿದ್ದಿರಿ.

ಆ ಕೊನೆಯ ದಿನ ಪದವಿನ ಮೇಲೆ ಗಾಳಿ ಜೋರಾಗಿತ್ತು. ಕೆಂಪು ಮುರಕಲ್ಲಿನ ಆ ಎತ್ತರದ ಬಯಲು ಪಶ್ಚಿಮಕ್ಕೆ ಇಳಿಯುವ ಅಂಚಿನಲ್ಲಿ ನಿಂತರೆ ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಮುಖಕ್ಕೇ ಹೊಡೆಯುತ್ತದೆ. ಇಳಿಸುವಾಗ ಗಾಳಿ ನಮ್ಮ ಹಳೆಯ ಗ್ಲೈಡರನ್ನು ಎತ್ತಿ ಒಯ್ದು ಕೇಪಳದ ಪೊದೆಗಳಾಚೆ ಬೀಳಿಸಿತು. “ನೀನು ನಿಲ್ಲು, ನಾನು ತರ್ತೇನೆ” ಎಂದು ಹುಡುಗನ ಹಾಗೆ ಓಡಿದಿರಿ. ಸ್ವಲ್ಪ ದೂರ ಹೋಗಿ ಕುಳಿತಿರಿ. ದಣಿವು ಆರಿಸಿಕೊಳ್ಳುತ್ತಿದ್ದೀರಿ ಎಂದುಕೊಂಡೆ. ಕರೆದೆ, ಮಾವ. ಮತ್ತೆ ಕರೆದೆ. ಆಮೇಲೆ...

ನಿಮ್ಮ ಉತ್ತರಕ್ರಿಯೆಯ, ಬೊಜ್ಜದ ದಿನ ನಿಮ್ಮ ಮಗಳು ಸುಜಾತಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರೆದುರು ಹೇಳಿದರು: “ಅಪ್ಪನನ್ನು ಓಡಿಸಿದವಳು ನೀನು. ಈ ಪ್ರಾಯದಲ್ಲಿ ಅವರಿಗೆ ಆಟಿಕೆ ಎಂತಕ್ಕೆ?” ಅವರು ವಿಟ್ಲದ ತಮ್ಮ ಮನೆಗೆ ಹೋದವರು ಮತ್ತೆ ಫೋನ್ ಮಾಡಲಿಲ್ಲ. ನೀವು ಹೊಸದಾಗಿ ಶುರು ಮಾಡಿದ್ದ ದೊಡ್ಡ ಗ್ಲೈಡರ್ ಮೇಜಿನ ಮೇಲೆ ಅರ್ಧಕ್ಕೆ ನಿಂತಿತ್ತು. ಎರಡು ರೆಕ್ಕೆ ಕೂಡುವ ಜಾಗವನ್ನು ನೀವೇ ಅಂಟಿಸಿದ್ದಿರಿ. ಉಳಿದದ್ದನ್ನು ನಾನು ನಿಧಾನವಾಗಿ ಮುಗಿಸಿದೆ. ಹೊದಿಕೆ ಬಿಳಿ. ರೆಕ್ಕೆಯ ಅಡಿಗೆ ಮಾತ್ರ ಕೆಂಪು.

ನಿಮ್ಮ ವರ್ಷಾಂತಿಕಕ್ಕೆ ಬಂದ ಸುಜಾತಕ್ಕ ಅದನ್ನು ಕಂಡರು. ನೆಂಟರು ಊಟ ಮುಗಿಸಿ ಹೋದ ಮೇಲೆ ಮೇಜಿನ ಹತ್ತಿರ ನಿಂತು, “ಇದು ಇನ್ನೂ ಉಂಟಾ?” ಎಂದರು.

“ನಾಳೆ ಒಮ್ಮೆ ಹಾರಿಸ್ತೇನೆ ಅಕ್ಕ. ಮತ್ತೆ ಯಾರಿಗಾದರೂ ಕೊಡ್ತೇನೆ.”

“ಎಸೆಯುವವರು ಯಾರು?”

“ನಾನೇ.”

“ಒಬ್ಬಳೇ ಆ ಪದವಿಗೆ ಹೋಗುವುದು ಬೇಡ.” ರೆಕ್ಕೆಯ ತುದಿ ಮುಟ್ಟಿ ಹೇಳಿದರು, “ನಾನೂ ಬರ್ತೇನೆ. ಅದು ಒಡೆದು ಹೋಗುವುದನ್ನು ನೋಡಿಯೇ ಬಸ್ಸು ಹತ್ತುತ್ತೇನೆ.”

ಭಾನುವಾರ ಮಧ್ಯಾಹ್ನದ ಮೇಲೆ ಇಬ್ಬರೂ ಹೊರಟೆವು. ಅಂಚಿಗೆ ಬಂದಾಗ ಗಾಳಿ ಸಾಕಷ್ಟಿತ್ತು. ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ನನಗಿಂತ ಉದ್ದದ ವಿಮಾನ. ಎಸೆಯಲು ಆಗಲೇ ಇಲ್ಲ. ಗಾಳಿ ರೆಕ್ಕೆಯನ್ನು ತಿರುಚುತ್ತಿತ್ತು. ಸುಜಾತಕ್ಕ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಬಂದರು. “ಎಲ್ಲಿ ಹಿಡಿಯಬೇಕು, ಹೇಳು.” ರೆಕ್ಕೆಯ ಕೆಳಗೆ ಹಿಡಿಯಿರಿ, ಮೂಗು ತುಸು ಕೆಳಗಿರಲಿ, ಗಾಳಿಗೆ ನೇರ ದೂಡಿ ಎಂದೆ. ನೀವು ನನಗೆ ಹೇಳಿಕೊಟ್ಟ ಹಾಗೆಯೇ. ಅವರು ದೂಡಿದರು. ಗ್ಲೈಡರ್ ಕಣಿವೆಯತ್ತ ಕುಸಿಯಿತು. ಆಮೇಲೆ ಗಾಳಿ ಅದನ್ನು ಹಿಡಿದುಕೊಂಡಿತು.

ಅದು ಏರಿದ ರೀತಿ ನೀವು ನೋಡಬೇಕಿತ್ತು. ಆದರೆ ಏರುವುದನ್ನು ಅದು ನಿಲ್ಲಿಸಲೇ ಇಲ್ಲ. ಕೆಳಗಿನ ರಬ್ಬರ್ ತೋಟದಿಂದ ಎದ್ದ ಬಿಸಿಗಾಳಿಗೆ ಸಿಕ್ಕಿ ಸುತ್ತುತ್ತಾ ಹದ್ದಿಗಿಂತ ಮೇಲೆ ಹೋಯಿತು. ನಾನು ಮೂಗು ತಗ್ಗಿಸಿದೆ. ವೇಗ ಹೆಚ್ಚಿ ರೆಕ್ಕೆಗಳು ಬಾಗಿದವು. ನೀವು ಅಂಟಿಸಿದ ಆ ಜಾಗ ತಡೆಯುತ್ತದೆಯೇ? ಹೆದರಿ ಕೈ ಸಡಿಲಿಸಿದೆ, ಅದು ಮತ್ತೆ ಏರಿತು. ಬಿಳಿ ಮೋಡದ ಮುಂದೆ ಚುಕ್ಕಿಯಾಯಿತು. ಆಮೇಲೆ ಚುಕ್ಕಿಯೂ ಇಲ್ಲ.

“ಅಕ್ಕ, ನನಗೆ ಕಾಣುವುದಿಲ್ಲ.”

“ನನಗೆ ಕಾಣ್ತದೆ.” ಹತ್ತಿರದ ಅಕ್ಷರ ಓದಲಾಗದ ಕಣ್ಣು ಅವರದು, ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. “ಆ ಕಡೆಗೆ ಹೋಗ್ತಾ ಉಂಟು. ತಿರುಗಿಸು.”

“ಯಾವ ಕಡೆಗೆ?”

“ಎಡಕ್ಕೆ. ಇನ್ನೂ... ಇನ್ನೂ ಎಡಕ್ಕೆ. ಹಾಂ, ಕೆಂಪು ಕಾಣ್ತದೆ. ಈಗ ನಮ್ಮ ಕಡೆ ಬರ್ತಾ ಉಂಟು. ಹಾಗೇ ಇರಲಿ.”

ರೆಕ್ಕೆಯ ಮೇಲಿನ ಬ್ರೇಕು ಎತ್ತಿ, ಏನೂ ಕಾಣದೆ, ಅವರ ಮಾತನ್ನೇ ನಂಬಿ ಇಳಿಸಿದೆ. ಅದು ಮತ್ತೆ ಕಣ್ಣಿಗೆ ಬಿದ್ದಾಗ ನಮ್ಮ ತಲೆಯ ಮೇಲೇ ಇತ್ತು. ಅಲ್ಲಿಂದ ಬಯಲನ್ನು ದಾಟಿ, ನಿಂತೀತು ಎಂದುಕೊಂಡಲ್ಲಿ ನಿಲ್ಲದೆ, ಅದೇ ಪೊದೆಗಳಾಚೆ ಬಿತ್ತು. ಬಾಲ ಮುರಿದ ಸದ್ದು ಕೇಳಿಸಿತು.

ಸುಜಾತಕ್ಕ ಅತ್ತ ಓಡಿದರು. ನನ್ನ ಬಾಯಿಂದ ಮಾತು ತಾನಾಗಿ ಬಂತು, “ಅಕ್ಕ, ಓಡಬೇಡಿ.”

ಅವರು ಅಲ್ಲೇ ನಿಂತರು. ಕಲ್ಲಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ನಾನು ಹತ್ತಿರ ಹೋದೆ.

“ಅಪ್ಪನ ಹಾರ್ಟ್ ಸರಿ ಇಲ್ಲ, ಓಡ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ರು ಶೈಲಾ. ಮಂಗಳೂರಿಗೆ ನಾನೇ ಕರ್ಕೊಂಡು ಹೋದದ್ದು. ನಿನಗೆ ಹೇಳಿದ್ರೆ ನೀನು ಪದವಿಗೆ ಬಿಡುವುದಿಲ್ಲ, ಹೇಳ್ಬೇಡ ಅಂತ ಕೈ ಹಿಡಿದು ಕೇಳಿಕೊಂಡ್ರು. ನಾನು ಹೇಳ್ಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಮತ್ತೆ ನಿನಗೆ ಬೈದೆ.”

ಬಂಟ್ವಾಳದಲ್ಲಿ ಮದುವೆ ಎಂದು ಹೇಳಿ ಹೋದಿರಲ್ಲ, ಆ ದಿನವೇ ಡಾಕ್ಟರ ಹತ್ತಿರ ಹೋದದ್ದಂತೆ. ಸಂಜೆ ಬಂದು ಊಟದ ಪಾಯಸ ಚೆನ್ನಾಗಿತ್ತು ಎಂದೂ ಹೇಳಿದ್ದಿರಿ. ಮಾವ, ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ನಾನು ಪದವಿಗೆ ಬಿಡುತ್ತಿರಲಿಲ್ಲವೇ? ಬಿಡುತ್ತಿದ್ದೆ. ನೀವು ಕುಳಿತು ರಿಮೋಟ್ ಹಿಡಿಯುತ್ತಿದ್ದಿರಿ, ಓಡುವವಳು ನಾನಾಗುತ್ತಿದ್ದೆ. ಅಷ್ಟೇ ಅಲ್ಲವೇ ಆಗಬೇಕಾಗಿದ್ದದ್ದು? ಮಗಳಿಗೆ ಅಷ್ಟು ಭಾರ ಹೊರಿಸಿ, ಸೊಸೆಗೆ ಏನೂ ತಿಳಿಯದ ಹಾಗೆ ಮಾಡಿ ನೀವು...

ಇಬ್ಬರೂ ನಡೆದುಕೊಂಡೇ ಹೋಗಿ ಗ್ಲೈಡರ್ ತಂದೆವು. ನೀವು ಅಂಟಿಸಿದ ಜಾಗಕ್ಕೆ ಏನೂ ಆಗಿರಲಿಲ್ಲ. ಸುಜಾತಕ್ಕ ಆ ದಿನ ಬಸ್ಸು ಹತ್ತಲಿಲ್ಲ. ಚಹಾ ಕುಡಿದು, ಶಾರ್ಜಾಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. “ಹರೀಶಾ, ನೀನು ಎಂತ ಮುಚ್ಚಿಟ್ಟಿದ್ದೀ, ಹೇಳು.” ನಿಮ್ಮ ಮಗ ನಕ್ಕರು. ಅಕ್ಕ ನಗಲಿಲ್ಲ. ಆಮೇಲೆ ಸಣ್ಣ ಸ್ವರದಲ್ಲಿ, “ಶುಗರ್ ಉಂಟು. ಮಾತ್ರೆ ತಗೊಳ್ತಾ ಇದ್ದೇನೆ. ಶೈಲಾ ಸುಮ್ಮನೆ ಹೆದರ್ತಾಳೆ ಅಂತ...” ಎಂದರು.

ನಿಮ್ಮ ಮಗನೇ ಹೌದು. ಮುಂದಿನ ತಿಂಗಳು ರಜೆಯಲ್ಲಿ ಬರುತ್ತಾರೆ. ಮೂಡುಬಿದಿರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹೊರಗಿನ ಬೆಂಚಿನ ಮೇಲೆ ಕೂರುವುದಿಲ್ಲ, ಮಾವ. ಅವರ ಜೊತೆ ಒಳಗೆ ಹೋಗುತ್ತೇನೆ. ಡಾಕ್ಟರು ಹೇಳುವುದನ್ನು ನನ್ನ ಕಿವಿಯಿಂದಲೇ ಕೇಳುತ್ತೇನೆ.

ನಿಮ್ಮ ಸೊಸೆ,
ಶೈಲಾ